ಶಬ್ದ ಉಂಟು, ಮಾತಿಲ್ಲ

ಹಳೆಯ ದುಬಾರಿ ಕಾರುಗಳಲ್ಲಿ ಎಂಜಿನ್ ಅಷ್ಟು ಬೇಗ ಮುದಿಯಾಗುವುದಿಲ್ಲ. ಚರ್ಮದ ಸೀಟು ಸುಕ್ಕುಗಟ್ಟಿದರೂ ಕೂರಲು ಬರುತ್ತದೆ. ಡ್ಯಾಶ್‌ಬೋರ್ಡಿನ ಮರದ ಪಟ್ಟಿ ಮಾಸಿದರೂ ಅದರ ಗತ್ತು ಉಳಿದಿರುತ್ತದೆ. ಯಾರ ಕಣ್ಣಿಗೂ ಬೀಳದೆ ಸಾಯುವುದು ಸ್ಪೀಕರಿನ ಅಂಚು. ಕಾಗದದ ಕೋನನ್ನು ಲೋಹದ ಚೌಕಟ್ಟಿಗೆ ಹಿಡಿದಿಡುವ, ಬೆರಳಿಗಿಂತ ಕಿರಿದಾದ ಫೋಮಿನ ಉಂಗುರ ಅದು. ಗಾಳಿಯ ತೇವಕ್ಕೆ ಈ ಫೋಮು ಒಳಗೊಳಗೇ ಕಳಚುತ್ತ ಹೋಗಿ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬೆರಳು ತಾಗಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇಂಥ ಫೋಮಿನ ಅಂಚಿರುವ ಸ್ಪೀಕರುಗಳಿಗೆ ಸಾಮಾನ್ಯವಾಗಿ ಇದೇ ಗತಿ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಉಡುಪಿಯ ಕಡೆಯಲ್ಲಂತೂ ಕೇಳುವುದೇ ಬೇಡ.

ನನ್ನ ಸೋದರಮಾವನ ಕಾರು 1996ರ ಬೆಂಝ್ ಇ220. ಮರ್ಸಿಡಿಸ್‌ನವರು ಪುಣೆಯಲ್ಲಿ 1995ರಿಂದ ಜೋಡಿಸಿ ಮಾರಲು ಶುರುಮಾಡಿದ, ಡಬ್ಲ್ಯೂ124 ಎಂದು ಕರೆಯುವ ಆ ಚೌಕಾಕಾರದ ಗಾಡಿ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದ ಮಾವ ಅದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡರು. ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಊರಿಗೆ ಬರುವಾಗ ಜೊತೆಯಲ್ಲಿ ತಂದದ್ದು ಆ ಕಾರು ಮತ್ತು ಎರಡು ಸೂಟ್‌ಕೇಸ್ ತುಂಬ ತಾಳಮದ್ದಳೆಯ ಕ್ಯಾಸೆಟ್ಟುಗಳು. ಈಗ ಅವರಿಗೆ ಎಪ್ಪತ್ತಾರು. ಸ್ಟಿಯರಿಂಗ್ ಬಿಟ್ಟು ಎರಡು ವರ್ಷವಾಯಿತು. ನಾನು ಬೆಂಗಳೂರಿನಿಂದ ಊರಿಗೆ ಹೋದಾಗ ಕಾರಿಗೊಂದು ಓಟ, ಮಾವನಿಗೊಂದು ಗಾಳಿಸಂಚಾರ. ನಾನು ಬಲಕ್ಕೆ, ಅವರು ಎಡಕ್ಕೆ, ನಡುವೆ ಕ್ಯಾಸೆಟ್ಟು.

ಸ್ಪೀಕರ್ ಬದಲಿಸುವ ಮಾತು ತೆಗೆದದ್ದು ಅವರೇ. "ಇದರಲ್ಲಿ ಶಬ್ದ ಉಂಟು, ಮಾತಿಲ್ಲ ಮಾರಾಯ್ತಿ. ಹೊಸತು ಹಾಕಿಸು, ಖರ್ಚು ನನ್ನದು" ಅಂದರು.

ತಾಳಮದ್ದಳೆಯಲ್ಲಿ ಮಾತಿಲ್ಲದಿದ್ದರೆ ಉಳಿಯುವುದು ಕಡಿಮೆ. ಯಕ್ಷಗಾನದ ಬಣ್ಣ, ವೇಷ, ಕುಣಿತ ಎಲ್ಲವನ್ನೂ ಕಳಚಿಟ್ಟು ಕುಳಿತು ಆಡುವ ಆಟ ಅದು. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ಚೆಂಡೆ ನುಡಿಯುತ್ತವೆ, ಆಮೇಲೆ ಪಂಚೆ ಶಲ್ಯದ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ರಾಮ ಏನು ಹೇಳಿದ ಎಂಬುದನ್ನು ಕೇಳಿಸಿಕೊಂಡೇ ವಾಲಿ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಇದನ್ನು ವಾದದ ಕಲೆಯ ತುದಿಗೆ ಒಯ್ದವರು. ಮಾವ ಅಂಥ ದೊಡ್ಡ ಅರ್ಥಧಾರಿಯೇನಲ್ಲ, ಹವ್ಯಾಸಿ. ಹೋಟೆಲಿನ ಲೆಕ್ಕ ಮುಗಿಸಿ ರಾತ್ರಿ ಕೂಟಕ್ಕೆ ಹೋಗಿ ಸುಗ್ರೀವನೋ ಶಲ್ಯನೋ ಆಗಿ ಕೂರುತ್ತಿದ್ದವರು. ಊರಿಗೆ ಬಂದ ಮೇಲೂ ಕರೆದಲ್ಲಿಗೆ ಹೋಗುತ್ತಿದ್ದರು. ಮೂರು ವರ್ಷದಿಂದ ಹೋಗುತ್ತಿಲ್ಲ. "ಎದುರಿನವ ಎಂಥ ಕೇಳಿದ ಅಂತಲೇ ಗೊತ್ತಾಗದಿದ್ದರೆ ಉತ್ತರ ಎಲ್ಲಿಂದ ಕೊಡುವುದು?" ಎಂದು ಅತ್ತೆಯ ಹತ್ತಿರ ಒಮ್ಮೆ ಹೇಳಿದರಂತೆ. ನಮ್ಮ ಹತ್ತಿರ ಹೇಳಿರಲಿಲ್ಲ. ಮದುವೆ ಮನೆಗಳಲ್ಲಿ ಎಲ್ಲರೂ ನಕ್ಕಾಗ ಅರೆಕ್ಷಣ ತಡವಾಗಿ ನಗುತ್ತಿದ್ದುದನ್ನು ನಾವು ನೋಡಿದ್ದೆವು. ಮಾವನಿಗೆ ಮೊದಲಿನ ಉತ್ಸಾಹ ಇಲ್ಲ ಎಂದುಕೊಂಡಿದ್ದೆವು.

ಹೀಗಾಗಿ ಸ್ಪೀಕರ್ ಬದಲಿಸುವುದು ಬರೀ ಸ್ಪೀಕರಿನ ಪ್ರಶ್ನೆಯಾಗಿರಲಿಲ್ಲ. ಕಾರಿನಲ್ಲಿ ಕಳೆದುಹೋದ ಮಾತೆಷ್ಟು, ಕಿವಿಯಲ್ಲಿ ಕಳೆದುಹೋದದ್ದೆಷ್ಟು ಎಂಬುದನ್ನು ಮೊದಲು ಬಿಡಿಸಿ ನೋಡಬೇಕಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಕಾರಿನ ಬಿಡಿಭಾಗ, ಸೀಟ್ ಕವರು, ಹಾರ್ನು, ಸ್ಪೀಕರುಗಳ ಅಂಗಡಿಗಳು ಒತ್ತೊತ್ತಾಗಿ ನಿಂತಿರುವ ರಸ್ತೆ ಅದು. ಬೆಂಝ್ ಎಂದ ಕೂಡಲೇ ಒಂದು ಅಂಗಡಿಯವರ ಮುಖ ಅರಳಿತು. "ಮೇಡಂ, ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್, ಸಾವಿರ ವಾಟ್ ಆಂಪ್ಲಿಫೈಯರ್ ಹಾಕೋಣ, ಗಾಜು ಅದುರುತ್ತೆ" ಅಂದರು. ಕೇಳುವುದು ಏನನ್ನು ಎಂದು ವಿಚಾರಿಸಿದಾಗ ತಾಳಮದ್ದಳೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ವಾಟ್ ಎಂಬ ಲೆಕ್ಕ ಕಿವಿಗೆ ಒಗ್ಗುವ ಲೆಕ್ಕವಲ್ಲ. ಆಂಪ್ಲಿಫೈಯರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು ಮೂರು ಡೆಸಿಬೆಲ್ ಮಾತ್ರ. ಹೆಚ್ಚಾಯಿತು ಎಂದು ತಿಳಿಯುತ್ತದೆ, ಅಷ್ಟೆ. ಶಬ್ದ ಎರಡು ಪಟ್ಟು ಜೋರಾಯಿತು ಎಂದು ಕಿವಿಗೆ ಅನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಆಗಬೇಕು. ಅಲ್ಲದೆ ಈ ಮಾದರಿಯ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಬೆನ್ನಿಗೆ. ಡಿಕ್ಕಿಯಲ್ಲಿ ಎಷ್ಟು ದೊಡ್ಡ ಡಬ್ಬ ಇಟ್ಟರೂ ಅದರ ಗುಡುಗು ಟ್ಯಾಂಕನ್ನೂ ತಗಡನ್ನೂ ದಾಟಿ ಒಳಬರಬೇಕು. ದಾರಿ ಮಾಡಿಕೊಡೋಣ ಎಂದು ಅಲ್ಲಿ ತೂತು ಕೊರೆಯುವುದಂತೂ ತಲೆ ಸರಿಯಿದ್ದವರು ಮಾಡುವ ಕೆಲಸವಲ್ಲ.

ಕಾರಿನಲ್ಲಿ ರೇಡಿಯೋ ಕೂರಿಸಿ ಮಾರುವ ವ್ಯಾಪಾರ ಸುಮಾರು ನೂರು ವರ್ಷ ಹಳೆಯದು. ಅಮೆರಿಕದ ಗ್ಯಾಲ್ವಿನ್ ಸಹೋದರರ ಕಂಪನಿ 1930ರಲ್ಲಿ ತಂದ ಕಾರ್ ರೇಡಿಯೋದ ಹೆಸರೇ ಮೊಟೊರೋಲಾ. ಮುಂದೆ ಅದೇ ಕಂಪನಿಯ ಹೆಸರೂ ಆಯಿತು. ಆದರೆ ಧ್ವನಿಯನ್ನು ಸ್ಪೀಕರಿನ ಬಾಯಲ್ಲಿ ಅಳೆಯದೆ ಕೇಳುವವನು ಕೂತ ಜಾಗದಲ್ಲಿ ಅಳೆಯಬೇಕು ಎಂಬ ಹಟ ಕಾರಿನೊಳಗೆ ಬಲವಾಗಿ ಬಂದದ್ದು ಅಮರ್ ಬೋಸ್ ಅವರ ಕಾಲಕ್ಕೆ. ಬ್ರಿಟಿಷರ ಕಾಲದ ಬಂಗಾಳದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಕ್ರಾಂತಿಕಾರಿಯೊಬ್ಬರ ಮಗ ಅವರು. 1956ರಲ್ಲಿ ಎಂಐಟಿಯಲ್ಲಿ ಓದುತ್ತಿದ್ದಾಗ ಕೊಂಡ ಸ್ಟೀರಿಯೋ ಕಾಗದದ ಮೇಲಿನ ಅಂಕಿಗಳಲ್ಲಿ ಚೆನ್ನಾಗಿದ್ದೂ ಕಿವಿಗೆ ಚೆನ್ನಾಗಿರಲಿಲ್ಲ. ಆ ಅಸಮಾಧಾನವೇ 1964ರಲ್ಲಿ ಕಂಪನಿಯಾಯಿತು. 1983ರ ಮಾದರಿಯ ಕೆಲವು ಜನರಲ್ ಮೋಟಾರ್ಸ್ ಕಾರುಗಳಿಗೆ ಅವರು ಆಯಾ ಕಾರಿನ ಗಾಜು, ಸೀಟು, ಮೂಲೆಗಳನ್ನು ಲೆಕ್ಕಕ್ಕೆ ಹಿಡಿದು ಧ್ವನಿವ್ಯವಸ್ಥೆ ಮಾಡಿಕೊಟ್ಟರು. ನಾನು ಅವರ ಸಾಮಾನು ಕೊಳ್ಳಲಿಲ್ಲ. ಪ್ರಶ್ನೆಯನ್ನು ಮಾತ್ರ ತೆಗೆದುಕೊಂಡೆ: ಕೂತವರು ಯಾರು, ಎಲ್ಲಿ ಕೂತಿದ್ದಾರೆ?

ಕೂತವರ ಕಿವಿಯನ್ನು ಮೊದಲು ಪರೀಕ್ಷೆ ಮಾಡಿಸೋಣ ಎಂದಾಗ ಮಾವ ಒಪ್ಪಲಿಲ್ಲ. "ರಿಪೇರಿ ಕಾರಿನದ್ದಾ ನನ್ನದ್ದಾ?" ಎಂದರು. "ಎರಡರದ್ದೂ ಅಳತೆ ಬೇಕು ಮಾವ, ಇಲ್ಲದಿದ್ದರೆ ನಾನು ನನ್ನ ಕಿವಿಗೆ ಹೊಂದಿಸಿಬಿಡುತ್ತೇನೆ" ಎಂದೆ. ಕಾರಿನ ನೆಪದಲ್ಲಿ ಬಂದರು.

ಶ್ರವಣ ಪರೀಕ್ಷೆಯ ಆ ಚೀಟಿ ನನಗೆ ಒಂದು ಪಾಠವೇ ಆಯಿತು. ಎಡತುದಿಯಲ್ಲಿ 250 ಹರ್ಟ್ಸ್‌ನ ತಗ್ಗು ಸ್ವರ, ಬಲತುದಿಯಲ್ಲಿ 8000 ಹರ್ಟ್ಸ್‌ನ ಕೀಚು ಸ್ವರ. ಮಾವನ ಗೆರೆ 1000ದವರೆಗೆ ಹೆಚ್ಚುಕಡಿಮೆ ನೇರವಾಗಿ ನಡೆದು, 2000 ದಾಟಿದ ಮೇಲೆ ಘಟ್ಟ ಇಳಿದಂತೆ ಇಳಿದಿತ್ತು. ವಯಸ್ಸಾದವರಲ್ಲಿ ಇದೇ ಸಾಮಾನ್ಯ. ಒಳಕಿವಿಯ ಶಂಖದಲ್ಲಿ ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು ಬಾಗಿಲಲ್ಲೇ ಇವೆ. ಮೊದಲು ಸವೆಯುವುದೂ ಅವೇ, ಸವೆದ ಮೇಲೆ ಮತ್ತೆ ಹುಟ್ಟುವುದಿಲ್ಲ.

ಭಾಷೆಯ ದೃಷ್ಟಿಯಿಂದ ನೋಡಿದರೆ ಇದರ ಅರ್ಥ ಬೇರೆ. ಮಾತಿನ ಗಟ್ಟಿತನ ಇರುವುದು ಸ್ವರಗಳಲ್ಲಿ: ಆ, ಈ, ಊ, ಓ. ಅವುಗಳ ಬಲವೆಲ್ಲ ತಗ್ಗಿನಲ್ಲಿದೆ. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ಕೆಲಸದಲ್ಲಿ ಬಹುಪಾಲನ್ನು ಮಾಡುವುದು ವ್ಯಂಜನಗಳು. ಸ, ಶ, ಚ, ತ ಇವುಗಳ ಗುರುತು ಇರುವುದು 2000 ಹರ್ಟ್ಸ್‌ಗಿಂತ ಮೇಲೆ, ಅದೂ ಬಹಳ ಸಣ್ಣ ದನಿಯಲ್ಲಿ. ಶಾಪ, ತಾಪ, ಚಾಪ, ಪಾಪ: ನಾಲ್ಕರಲ್ಲೂ ಗಟ್ಟಿಯಾಗಿ ಕೇಳುವುದು 'ಆ' ಒಂದೇ. ಮೊದಲ ವ್ಯಂಜನ ಹೋದರೆ ನಾಲ್ಕೂ ಒಂದೇ. ಕರ್ಣನ ಮುಂದಿರುವುದು ಪರಶುರಾಮರ ಶಾಪವೋ, ಅರ್ಜುನನ ಚಾಪವೋ, ತಾನು ಮಾಡಿದ ಪಾಪವೋ? ಕರ್ಣಪರ್ವದ ಅರ್ಥವೆಲ್ಲ ಆ ಒಂದು ಅಕ್ಷರದಲ್ಲಿದೆ. ಮಾವ ಹೇಳಿದ್ದು ಎಷ್ಟು ಸರಿ ಎಂದು ನನಗೆ ಆಗ ಹೊಳೆಯಿತು. ಶಬ್ದ ಉಂಟು. ಮಾತಿಲ್ಲ.

ಇದಕ್ಕೆ ವಾಲ್ಯೂಮು ಏರಿಸುವುದು ಪರಿಹಾರವಲ್ಲ. ಏರಿಸಿದಾಗ ಮೊದಲೇ ಕೇಳುತ್ತಿದ್ದ ಸ್ವರಗಳು ಅಬ್ಬರಿಸುತ್ತವೆ, ಸಣ್ಣ ವ್ಯಂಜನಗಳು ಆ ಅಬ್ಬರದಲ್ಲಿ ಇನ್ನಷ್ಟು ಮುಳುಗುತ್ತವೆ. ಸವೆದ ಕಿವಿಗೆ ಇನ್ನೊಂದು ಕಷ್ಟವೂ ಇದೆ: ಸಣ್ಣ ಶಬ್ದ ಕೇಳುವುದಿಲ್ಲ, ಸ್ವಲ್ಪ ಜೋರಾದರೆ ತಟ್ಟನೆ ಸಹಿಸಲಾಗುವುದಿಲ್ಲ. ಅಜ್ಜಂದಿರು "ಜೋರಾಗಿ ಹೇಳು" ಎಂದು, ಹೇಳಿದ ಕೂಡಲೇ "ಕಿರುಚಬೇಡ" ಎನ್ನುವುದು ಸಿಡುಕಿನಿಂದಲ್ಲ.

ಕೆಲಸ ಮಾಡಿಕೊಟ್ಟವರು ನಮ್ಮೂರಿನ ಹಳೆಯ ರೇಡಿಯೋ ರಿಪೇರಿಯವರು. ವಾಲ್ವ್ ರೇಡಿಯೋ ಕಾಲದಿಂದ ಕೈ ಪಳಗಿದವರು. ಕಾರು ನೋಡಿ, "ಇದು ಹಳೆಯದಾದದ್ದು ಒಳ್ಳೆಯದಾಯಿತು" ಎಂದರು. ನಿಜ. 2000ದ ನಂತರದ ಅನೇಕ ದುಬಾರಿ ಕಾರುಗಳಲ್ಲಿ ರೇಡಿಯೋ, ಆಂಪ್ಲಿಫೈಯರ್, ಫೋನು ಎಲ್ಲವೂ ಬೆಳಕಿನ ಎಳೆಯ ಒಂದು ವರ್ತುಲದಲ್ಲಿ ಕೈಕೈ ಹಿಡಿದು ನಿಂತಿರುತ್ತವೆ. ಒಂದನ್ನು ಕಿತ್ತರೆ ವರ್ತುಲ ಕಡಿದು ಎಲ್ಲವೂ ಮೂಕವಾಗುತ್ತವೆ. ನಮ್ಮದರಲ್ಲಿ ಬರೀ ತಾಮ್ರದ ವೈರು. ಒಂದು ಸ್ಪೀಕರಿಗೆ ಎರಡು, ಹಿಂದೆ ಮುಂದೆ ನಾಲ್ಕು ಸ್ಪೀಕರು.

ಅವರು ಮೊದಲು ಕೈಹಾಕಿದ್ದು ಸ್ಪೀಕರಿಗಲ್ಲ, ಕ್ಯಾಸೆಟ್ ಪ್ಲೇಯರಿಗೆ. ಅದನ್ನು ತೆಗೆದು ಪೆನ್‌ಡ್ರೈವ್ ಹಾಕುವ ಹೊಸ ಪೆಟ್ಟಿಗೆ ಕೂರಿಸಬಹುದಿತ್ತು. ಮಾವ ಬೇಡವೆಂದರು. ಕ್ಯಾಸೆಟ್ಟನ್ನು ತಾವೇ ತಳ್ಳಬೇಕು, ಅದು ಟಕ್ ಎಂದು ಒಳಗೆ ಕೂರಬೇಕು. ಸಡಿಲಾದ ಬೆಲ್ಟ್ ಬದಲಾಯಿತು, ಟೇಪಿನ ಹೆಡ್ಡಿಗೆ ಅಂಟಿದ್ದ ಕಂದು ಪುಡಿಯನ್ನು ಸ್ಪಿರಿಟ್‌ನಿಂದ ಒರೆಸಿದ್ದಾಯಿತು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಷ್ಟು ನಿಧಾನವಾಗಿ ಓಡುತ್ತದೆ. ಅಷ್ಟು ನಿಧಾನದಲ್ಲಿ ಎತ್ತರದ ಸ್ವರಗಳ ಅಲೆಗಳು ಟೇಪಿನ ಮೇಲೆ ಕೂದಲೆಳೆಗಿಂತ ಕಿರಿದಾಗಿ ಕೂರುತ್ತವೆ. ಹೆಡ್ಡು ಟೇಪಿಗೆ ಸರಿಯಾದ ಲಂಬದಲ್ಲಿ ಇಲ್ಲದೆ ತುಸು ಓರೆಯಾದರೂ ಮೊದಲು ಹೋಗುವುದು ಅವೇ. ಅವರು ಕಿವಿಗೊಟ್ಟು, ಸ್ಕ್ರೂವನ್ನು ಒಂದು ಕಾಳಿನಷ್ಟು ತಿರುಗಿಸಿದರು. ಕಂಬಳಿಯ ಒಳಗಿಂದ ಬರುತ್ತಿದ್ದಂತಿದ್ದ ಮಾತು ಹೊರಗೆ ಬಂತು. 'ಸ'ಕಾರ ಕೇಳಿತು. ಹೊಸ ಸಾಮಾನು ಇನ್ನೂ ಒಂದೂ ಬಂದಿರಲಿಲ್ಲ. ಇದೇ ಉಪಾಯದಿಂದ ಎಲ್ಲ ಕ್ಯಾಸೆಟ್ಟುಗಳನ್ನೂ, ಪ್ರತಿಯೊಂದಕ್ಕೂ ಹೆಡ್ಡನ್ನು ಬೇರೆಯಾಗಿ ಹೊಂದಿಸಿ, ಕಂಪ್ಯೂಟರಿಗೆ ಪ್ರತಿ ಮಾಡಿಟ್ಟೆವು. ಟೇಪಿಗೂ ವಯಸ್ಸಾಗುತ್ತದೆ.

ನಂತರ ಸ್ಪೀಕರು. ಡ್ಯಾಶ್‌ಬೋರ್ಡಿನ ಎರಡು ಮೂಲೆಗಳಲ್ಲಿ ಮೇಲ್ಮುಖವಾಗಿ ಕೂತ ಹತ್ತು ಸೆಂಟಿಮೀಟರಿನ ಎರಡು ಸ್ಪೀಕರುಗಳ ಜಾಗಕ್ಕೆ ಅಷ್ಟೇ ಅಳತೆಯ, ರಬ್ಬರ್ ಅಂಚಿನ ಹೊಸವು ಬಂದವು. ಮರ ಕೊರೆಯಲಿಲ್ಲ, ತಗಡು ಕತ್ತರಿಸಲಿಲ್ಲ. ಇಷ್ಟು ಸಣ್ಣ ಕೋನು ಗಂಡಸಿನ ದನಿಯ ಗಾಂಭೀರ್ಯವನ್ನು ಹೊರುತ್ತದೆಯೇ ಎಂದು ನನಗೆ ಅಳುಕಿತ್ತು. ಆದರೆ ಹಳೆಯ ದೂರವಾಣಿ 300 ಹರ್ಟ್ಸ್‌ಗಿಂತ ಕೆಳಗಿನ ಏನನ್ನೂ ದಾಟಿಸುತ್ತಿರಲಿಲ್ಲ. ಆದರೂ ಅಪ್ಪನ ದಪ್ಪ ದನಿ ದಪ್ಪವಾಗಿಯೇ ಕೇಳುತ್ತಿತ್ತು. ಮೇಲಿನ ಎಳೆಗಳು ಸರಿಯಿದ್ದರೆ ಕೆಳಗಿನ ಬೇರನ್ನು ಮಿದುಳೇ ಊಹಿಸಿ ತುಂಬಿಕೊಳ್ಳುತ್ತದೆ. ಹಾಗಾಗಿ ಸೀಟಿನಡಿ ಕೂರಿಸಿದ ಸಣ್ಣ ಆಂಪ್ಲಿಫೈಯರಿನಲ್ಲಿ ಮುಂದಿನ ಸ್ಪೀಕರುಗಳಿಂದ ತೀರ ತಗ್ಗಿನ ಭಾರವನ್ನು ಇಳಿಸಿ, ಅದನ್ನು ಹಿಂದಿನ ಗಾಜಿನಡಿಯ ಜೋಡಿಗೆ ಹೊರಿಸಿದೆವು. ಹಿಂದಿನಿಂದ ಗುಂಗು ಬರಬಹುದು, ಮಾತು ಬರಬಾರದು.

ಗುಂಗನ್ನು ಪೂರ್ತಿ ಬಿಡುವಂತೆಯೂ ಇರಲಿಲ್ಲ. ಮದ್ದಳೆ ಇದೆಯಲ್ಲ. ಸಾಮಾನ್ಯ ಡೋಲಿನ ಚರ್ಮಕ್ಕೆ ಹೊಡೆದರೆ ಬರುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಅದು ಸದ್ದು. ನಮ್ಮ ಮೃದಂಗ, ತಬಲಾಗಳ ಚರ್ಮದ ನಡುವಿನ ಕರಿಯ ಲೇಪ ಆ ಸ್ವರಗಳನ್ನು ತಂತಿವಾದ್ಯದ ಸ್ವರಗಳಂತೆ ಸಾಲಿಗೆ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿ ಮೊದಲ ಬಾರಿ ಬರೆದರು, 1934ರಲ್ಲಿ ವಿಸ್ತಾರವಾಗಿ ತೋರಿಸಿದರು. ಮದ್ದಳೆಯ ನಡುವೆಯೂ ಆ ಕರಿ ಇದೆ. ನಾದ ಕೆಟ್ಟು ಬರೀ ಗುದ್ದು ಕೇಳಿದರೆ ಮಾವ ಒಪ್ಪುವವರಲ್ಲ. ಮಾತಿಗೆ ಅಡ್ಡ ಬರದಷ್ಟು, ಮದ್ದಳೆಗೆ ಕೊರತೆಯಾಗದಷ್ಟು ಎಂಬ ಗಡಿಯನ್ನು ಹುಡುಕಲು ಎರಡು ಸಂಜೆ ಬೇಕಾದವು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಾತ್ರ ಶಬ್ದವೇ ಮಾಡದ ಸಾಮಾನು. ಬಾಗಿಲುಗಳ ಒಳತಗಡಿಗೆ ಅಂಟಿಸುವ ಬ್ಯೂಟೈಲ್ ರಬ್ಬರಿನ ಹಾಳೆ, ಗಾಳಿ ನುಗ್ಗುತ್ತಿದ್ದ ಕಡೆ ಹೊಸ ರಬ್ಬರ್ ಬೀಡಿಂಗ್, ಗಟ್ಟಿಯಾಗಿ ಕೂಗುತ್ತಿದ್ದ ಹಳೆಯ ಟಯರುಗಳ ಬದಲಿಗೆ ಹೊಸವು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನನ್ನ ಫೋನಿನ ಮಾಪಕ ಮೊದಲು 71 ಡೆಸಿಬೆಲ್ ತೋರಿಸುತ್ತಿದ್ದದ್ದು 67ಕ್ಕೆ ಬಂತು. ಫೋನಿನ ಅಳತೆ ಅಷ್ಟು ಕರಾರುವಾಕ್ಕಲ್ಲವಾದರೂ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತಿತ್ತು. ನಾಲ್ಕು ಡೆಸಿಬೆಲ್ ಗದ್ದಲ ಕಡಿಮೆಯಾಗುವುದೆಂದರೆ ಆಂಪ್ಲಿಫೈಯರನ್ನು ಎರಡೂವರೆ ಪಟ್ಟು ದೊಡ್ಡದು ಮಾಡಿದಂತೆ, ಅದೂ ಕಿವಿಗೆ ನೋವಿಲ್ಲದೆ. ವೇಗವನ್ನು ಅರವತ್ತಕ್ಕೆ ಇಳಿಸಿದರೆ ಇನ್ನೂ ಸ್ವಲ್ಪ ಸಿಗುತ್ತದೆ, ಅದಕ್ಕೆ ದುಡ್ಡೂ ಬೇಡ.

ಕೊನೆಯದು ಸೀಟಿನ ಲೆಕ್ಕ. ಕಾರಿನಲ್ಲಿ ಯಾರೂ ನಡುವೆ ಕೂರುವುದಿಲ್ಲ. ಎಡ ಸೀಟಿನಲ್ಲಿರುವವರಿಗೆ ಎಡ ಸ್ಪೀಕರು ಬಲದ್ದಕ್ಕಿಂತ ಸುಮಾರು ಅರ್ಧ ಮೀಟರ್ ಹತ್ತಿರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುವುದರಿಂದ ಬಲದ ಮಾತು ಒಂದೂವರೆ ಮಿಲಿಸೆಕೆಂಡ್ ತಡ. ಎಷ್ಟೇ ಸಣ್ಣದಾದರೂ ಕಿವಿ ಅದನ್ನು ಹಿಡಿಯುತ್ತದೆ. ಮೊದಲು ತಲುಪಿದ ಕಡೆಗೇ ಮಾತನ್ನು ಎಳೆಯುತ್ತದೆ, ತಡವಾಗಿ ಬಂದದ್ದು ಬೆರೆತು ಕೆಲವು ಸ್ವರಗಳು ಅಳಿಸಿಹೋಗುತ್ತವೆ. ಎಡ ಸ್ಪೀಕರನ್ನು ಅಷ್ಟೇ ತಡಮಾಡಿದರೆ ಎರಡೂ ಒಟ್ಟಿಗೆ ಬಂದು, ಅರ್ಥಧಾರಿ ಗಾಜಿನಾಚೆ ಎದುರಿಗೆ ಕೂತಂತಾಗುತ್ತಾನೆ. ಆದರೆ ಒಂದು ಸೀಟಿಗೆ ಸರಿಮಾಡಿದರೆ ಇನ್ನೊಂದಕ್ಕೆ ಕೆಡುತ್ತದೆ. ಸಾಮಾನ್ಯವಾಗಿ ಎಲ್ಲರೂ ಹೊಂದಿಸುವುದು ಡ್ರೈವರ್ ಸೀಟಿಗೆ. ನಾವು ಹೊಂದಿಸಿದ್ದು ಎಡಕ್ಕೆ. 2000ದಿಂದ 4000 ಹರ್ಟ್ಸ್‌ವರೆಗಿನ ಭಾಗವನ್ನು ಆ ಪರೀಕ್ಷೆಯ ಚೀಟಿ ನೋಡಿಕೊಂಡು ಸ್ವಲ್ಪ ಸ್ವಲ್ಪ ಎತ್ತಿದ್ದೂ ಅವರ ಕಿವಿಗೆ. ನನಗೆ ಅದು ತುಸು ಚುಚ್ಚಿದಂತೆ ಕೇಳುತ್ತದೆ.

ಇದರಿಂದ ಮಾವನ ಕಿವಿ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ಸತ್ತ ಕೋಶವನ್ನು ಯಾವ ಸ್ಪೀಕರೂ ಎಬ್ಬಿಸಲಾರದು, ಮನೆಯ ಜಗಲಿಗೆ ಬ್ಯೂಟೈಲ್ ಹಾಳೆ ಅಂಟಿಸಲೂ ಆಗುವುದಿಲ್ಲ. ಪರೀಕ್ಷೆ ಮಾಡಿದವರು ಶ್ರವಣಯಂತ್ರ ಬೇಕು ಎಂದು ಅಂದೇ ಹೇಳಿದ್ದರು. ಮಾವ ಅದನ್ನು ಆರು ತಿಂಗಳು ಮುಂದೂಡಿದರು. ಆದರೆ ಕಾರಿನಲ್ಲಿ 'ಶಾಪ'ವೂ 'ಚಾಪ'ವೂ ಬೇರೆಯಾಗಿ ಕೇಳತೊಡಗಿದ ಮೇಲೆ, ಕಳೆದುಹೋದದ್ದು ಏನು ಎಂಬುದು ಅವರಿಗೇ ಗೊತ್ತಾಗತೊಡಗಿತು. ಕಿವಿಯ ನಷ್ಟದಲ್ಲಿ ಇದೇ ಕಷ್ಟ: ಕೇಳದೇ ಇರುವುದು ಕೇಳುತ್ತಿಲ್ಲ ಎಂದು ಕೇಳದವರಿಗೆ ತಿಳಿಯುವುದಿಲ್ಲ. ಜನ ಗೊಣಗುತ್ತಾರೆ ಅನಿಸುತ್ತದೆ, ಮಕ್ಕಳು ಬಾಯಿ ಬಿಟ್ಟು ಮಾತಾಡುವುದಿಲ್ಲ ಅನಿಸುತ್ತದೆ. ಹೋಲಿಸಿ ನೋಡಲು ಒಂದು ಜಾಗ ಸಿಕ್ಕಮೇಲೆ ಅವರೇ ಅತ್ತೆಯನ್ನು ಕರೆದುಕೊಂಡು ಹೋಗಿ ಯಂತ್ರ ತಂದರು. ಗದ್ದಲದಲ್ಲಿ ಅದು ಅಷ್ಟು ಹಿತವಲ್ಲ ಎಂದು ಬೈಯುತ್ತಲೇ ಹಾಕಿಕೊಳ್ಳುತ್ತಾರೆ.

ಕೂಟದಲ್ಲಿ ಅರ್ಥ ಹೇಳಲು ಇನ್ನೂ ಒಪ್ಪಿಲ್ಲ. ಕೇಳಲು ಹೋಗುತ್ತಾರೆ, ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಕಾರಿನಲ್ಲಿ ಮಾತ್ರ ಬೇರೆ ಮನುಷ್ಯ. ಕಳೆದ ಸಲ ಕಾರ್ಕಳದ ಕಡೆ ಹೋಗುತ್ತಿದ್ದಾಗ ಯಾವುದೋ ಹಳೆಯ ವಾಲಿವಧೆ ಹಾಕಿದ್ದರು. ಮರೆಯಲ್ಲಿ ನಿಂತು ಹೊಡೆದದ್ದಕ್ಕೆ ರಾಮ ಕಾರಣ ಕೊಡುತ್ತಿದ್ದ. ಮಾವ ಥಟ್ಟನೆ ಕೈ ಎತ್ತಿ, "ಅದು ಉತ್ತರ ಅಲ್ಲ. ನಾನು ಕೇಳಿದ್ದು ಅದಲ್ಲವಲ್ಲ!" ಎಂದು ಡ್ಯಾಶ್‌ಬೋರ್ಡಿಗೆ ಹೇಳಿದರು. ಕ್ಯಾಸೆಟ್ಟಿನ ವಾಲಿ ಮುಂದೆ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಮಾವ ನನ್ನ ಕಡೆ ತಿರುಗಿ ನೋಡಿದರು. ನಾನು ರಸ್ತೆ ನೋಡುತ್ತಿದ್ದೆ.

ಆಂಪ್ಲಿಫೈಯರಿನಲ್ಲಿ ಎರಡು ಹೊಂದಾಣಿಕೆಗಳನ್ನು ನೆನಪಿಡುವ ಸೌಕರ್ಯವಿದೆ. ಇನ್ನೊಂದನ್ನು ಡ್ರೈವರ್ ಸೀಟಿಗೆ ಮಾಡಿಕೊಡುತ್ತೇನೆ, ಗುಂಡಿ ಒತ್ತಿದರೆ ಆಯಿತು ಎಂದು ರಿಪೇರಿಯವರು ಎರಡು ಸಲ ಹೇಳಿದ್ದಾರೆ. ಮಾಡಿಸಿಲ್ಲ. ಪೆಟ್ರೋಲ್ ಹಾಕಿಸಲು ಒಬ್ಬಳೇ ಹೋಗುವಾಗ ನನಗೆ ಎಲ್ಲವೂ ಬಲಕ್ಕೆ ವಾಲಿದಂತೆ, ತುಸು ಚೂಪಾಗಿ ಕೇಳುತ್ತದೆ. ಅಭ್ಯಾಸವಾಗಿದೆ.